ವೆಬ್‌ಗೂ ಡೆಸ್ಕ್‌ಟಾಪ್‌ಗೂ ಒಂದೇ ಆ್ಯಪ್: ಹಾಲಿನ ಡೈರಿಯ ಲೆಕ್ಕ ಬರೆಯುತ್ತಾ ಕಲಿಯೋಣ

ಬ್ರೌಸರ್‌ನಲ್ಲಿ ತೆರೆಯಬೇಕು, ಆದರೆ ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್‌ನಷ್ಟೇ ಚುರುಕಾಗಿರಬೇಕು. ಇಂಥ ಆ್ಯಪ್‌ಗಳನ್ನು 2002ರಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ರಿಚ್ ಇಂಟರ್ನೆಟ್ ಅಪ್ಲಿಕೇಶನ್ ಎಂದು ಕರೆಯಿತು. ಆಗ ಅದಕ್ಕೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಫ್ಲಾಶ್ ಪ್ಲಗಿನ್ ಬೇಕಿತ್ತು. 2008ರಲ್ಲಿ ಬಂದ ಅಡೋಬಿ ಏರ್ ಅದೇ ಆ್ಯಪನ್ನು ಡೆಸ್ಕ್‌ಟಾಪ್‌ಗೂ ತಂದಿತು. ಮೈಕ್ರೋಸಾಫ್ಟ್ ತನ್ನದೇ ಸಿಲ್ವರ್‌ಲೈಟ್ ಬಿಟ್ಟಿತು. ಈಗ ಆ ಪ್ಲಗಿನ್‌ಗಳ ಕಾಲ ಮುಗಿದಿದೆ. ಫ್ಲಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ನಿಂತಿತು, ಸಿಲ್ವರ್‌ಲೈಟ್‌ಗೆ 2021ರ ಅಕ್ಟೋಬರ್‌ನಲ್ಲಿ. ಇವತ್ತು ಎಚ್‌ಟಿಎಮ್‌ಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಗೊತ್ತಿದ್ದರೆ ಆ ಎಲ್ಲ ಕೆಲಸವನ್ನೂ ಮಾಡಬಹುದು.

ಸುಮ್ನೆ ತತ್ವ ಹೇಳುವುದಕ್ಕಿಂತ ಒಂದು ನಿಜವಾದ ಕೆಲಸ ಹಿಡಿದು ಹೋಗೋಣ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ, ಅಂದರೆ ನಾವೆಲ್ಲ ಡೈರಿ ಅಂತ ಕರೆಯುವ ಜಾಗ. ಅಲ್ಲಿ ಬೆಳಿಗ್ಗೆ ಸಂಜೆ ಜನ ಹಾಲು ಹಾಕುತ್ತಾರೆ. ತೂಕ ಆಗುತ್ತದೆ, ಫ್ಯಾಟ್ (ಕೊಬ್ಬು) ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡುತ್ತಾರೆ, ದರ ಹಾಕುತ್ತಾರೆ, ಆಮೇಲೆ ಬಟವಾಡೆ. ಕರೆಂಟು ಹೋಗುತ್ತದೆ, ನೆಟ್ ಬರುತ್ತದೆ ಹೋಗುತ್ತದೆ, ಹೆಸರುಗಳೆಲ್ಲ ಕನ್ನಡದಲ್ಲಿರುತ್ತವೆ, ಲೆಕ್ಕ ಒಂದು ಪೈಸೆಯೂ ತಪ್ಪುವಂತಿಲ್ಲ. ಸೆಕ್ರೆಟರಿಗೆ ಕಂಪ್ಯೂಟರ್‌ನಲ್ಲಿ ಬೇಕು, ರೈತರಿಗೆ ಮೊಬೈಲ್‌ನಲ್ಲಿ ಬೇಕು. ಈ ಬಗೆಯ ಆ್ಯಪ್‌ಗೆ ಬರುವ ಕಷ್ಟಗಳಲ್ಲಿ ಹೆಚ್ಚಿನವು ಇಲ್ಲಿ ಒಂದೇ ಕಡೆ ಸಿಗುತ್ತವೆ.

ಕೊನೆಯವರೆಗೂ ಒಂದು ಮಾತನ್ನು ಹಿಡಿದುಕೊಂಡಿರಿ: ಬರೆದದ್ದು ಮೊದಲು ಎದುರಿಗಿರುವ ಕಂಪ್ಯೂಟರ್‌ನಲ್ಲೇ ಉಳಿಯಬೇಕು, ನೆಟ್‌ಗೆ ಹೋಗುವುದು ಅದರ ನಂತರ. ಈ ಕ್ರಮ ತಲೆಕೆಳಗಾದರೆ ಎಷ್ಟೇ ಚೆಂದದ ಪರದೆ ಮಾಡಿದರೂ ಡೈರಿಯಲ್ಲಿ ಅದು ನಿಲ್ಲುವುದಿಲ್ಲ.

1. ಮೊದಲು ಹೋಗಿ ನೋಡಿ

ಕೋಡ್ ಬರೆಯುವ ಮುಂಚೆ ಒಂದು ಬೆಳಿಗ್ಗೆ, ಒಂದು ಸಂಜೆ ಡೈರಿಯಲ್ಲಿ ನಿಂತು ನೋಡಿ. ಒಬ್ಬರ ಹಾಲು ಬರೆಯಲು ಎಷ್ಟು ಹೊತ್ತು ಹಿಡಿಯುತ್ತದೆ? ಸೆಕ್ರೆಟರಿ ಸದಸ್ಯರನ್ನು ನಂಬರ್‌ನಿಂದ ಹುಡುಕುತ್ತಾರಾ, ಹೆಸರಿನಿಂದಲಾ? ತಪ್ಪು ಬರೆದರೆ ಹೇಗೆ ತಿದ್ದುತ್ತಾರೆ? ಪುಸ್ತಕದ ಒಂದು ಪುಟದ ಫೋಟೋ ತೆಗೆದುಕೊಳ್ಳಿ, ಅದರ ಕಾಲಂಗಳೇ ನಿಮ್ಮ ಮೊದಲ ನಕ್ಷೆ. ಇನ್ನೊಂದು ಲೆಕ್ಕವನ್ನೂ ಮಾಡಿ ನೋಡಿ. ನಿಮ್ಮ ಆ್ಯಪ್‌ನಿಂದ ಒಬ್ಬರಿಗೆ 15 ಸೆಕೆಂಡ್ ಜಾಸ್ತಿ ಆದರೆ, 120 ಜನರ ಸಾಲು ಅರ್ಧ ಗಂಟೆ ಉದ್ದವಾಗುತ್ತದೆ.

2. ಮೂರು ಪದರ, ಒಂದೇ ಕೋಡ್

ಇಡೀ ಆ್ಯಪನ್ನು ಮೂರು ಭಾಗ ಮಾಡಿ. ಮೊದಲನೆಯದು ಪರದೆ. ಎರಡನೆಯದು ಡೇಟಾ: ಸೇವ್ ಮಾಡು, ಹುಡುಕು, ಮೊತ್ತ ಕೊಡು. ಮೂರನೆಯದು ಸಾಧನ: ತೂಕದ ಯಂತ್ರ, ಪ್ರಿಂಟರ್, ಫೈಲ್. ತೂಕ ಎಲ್ಲಿಂದ ಬಂತು ಎಂಬುದು ಪರದೆಗೆ ಗೊತ್ತಾಗಲೇಬಾರದು. ಬ್ರೌಸರ್‌ನಲ್ಲಿ ಅದನ್ನು ಕೈಯಲ್ಲಿ ಟೈಪ್ ಮಾಡಬಹುದು, ಡೆಸ್ಕ್‌ಟಾಪ್‌ನಲ್ಲಿ ಯಂತ್ರವೇ ಕಳಿಸಬಹುದು. ಪರದೆ ಕೇಳುವುದು 'ತೂಕ ಕೊಡು' ಎಂದಷ್ಟೇ. ಈ ಗೆರೆ ಗಟ್ಟಿಯಾಗಿದ್ದರೆ ವೆಬ್‌ಗೂ ಡೆಸ್ಕ್‌ಟಾಪ್‌ಗೂ ಬೇರೆಯಾಗುವುದು ಮೂರನೆಯ ಪದರ ಮಾತ್ರ.

ಪರದೆ ಕಟ್ಟಲು ಬಳಸುವ ರಿಯಾಕ್ಟ್, ವ್ಯೂ, ಸ್ವೆಲ್ಟ್ ಇವುಗಳಲ್ಲಿ ಯಾವುದು ಎಂಬ ಚರ್ಚೆಗೆ ಜಾಸ್ತಿ ಹೊತ್ತು ಕೊಡಬೇಡಿ. ನಿಮ್ಮ ತಂಡಕ್ಕೆ ಬರುವುದನ್ನು ತೆಗೆದುಕೊಳ್ಳಿ. ಜಾವಾಸ್ಕ್ರಿಪ್ಟ್‌ಗೆ ಡೇಟಾದ ಬಗೆಗಳನ್ನು ಸೇರಿಸುವ ಟೈಪ್‌ಸ್ಕ್ರಿಪ್ಟ್ ಮಾತ್ರ ಬಿಡಬೇಡಿ. ಲೀಟರ್ ಬರಬೇಕಾದ ಜಾಗಕ್ಕೆ ಫ್ಯಾಟ್ ಬಂದು ಕೂತರೆ ಅದು ಬರೆಯುವಾಗಲೇ ಗೊತ್ತಾಗುವಂತೆ ಮಾಡಿಕೊಳ್ಳಬಹುದು.

3. ಲೆಕ್ಕವನ್ನು ಹೇಗೆ ಇಡಬೇಕು

ಜಾವಾಸ್ಕ್ರಿಪ್ಟ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. 1.005ನ್ನು 100ರಿಂದ ಗುಣಿಸಿದರೆ 100.49999999999999. ದುಡ್ಡಿನ ಲೆಕ್ಕಕ್ಕೆ ಇದು ಆಗದು. ಹಾಗಾಗಿ ದಶಮಾಂಶವನ್ನು ಡೇಟಾಬೇಸ್‌ಗೆ ಬಿಡಲೇಬೇಡಿ. ರೂಪಾಯಿ ಬದಲು ಪೈಸೆ, ಲೀಟರ್ ಬದಲು ಮಿಲಿಲೀಟರ್, ಫ್ಯಾಟ್ 3.5 ಇದ್ದರೆ 35. ಎಲ್ಲವೂ ಪೂರ್ಣಾಂಕವೇ ಆಗಿರಲಿ.

ಒಂದು ಉದಾಹರಣೆ ನೋಡಿ. ಹಾಲು 4.6 ಲೀಟರ್, ದರ ಲೀಟರ್‌ಗೆ 32 ರೂಪಾಯಿ 15 ಪೈಸೆ ಎಂದುಕೊಳ್ಳಿ. 4600ನ್ನು 3215ರಿಂದ ಗುಣಿಸಿ 1000ದಿಂದ ಭಾಗಿಸಿದರೆ 14789 ಪೈಸೆ, ಅಂದರೆ 147 ರೂಪಾಯಿ 89 ಪೈಸೆ. ಪೈಸೆಗೆ ದುಂಡಾಗಿಸುವ ಕೆಲಸ ಒಂದು ನಮೂದಿಗೆ ಒಂದೇ ಸಲ, ಕೊನೆಯಲ್ಲಿ ಆಗಲಿ. ಬಟವಾಡೆಯ ಮೊತ್ತ ಆ ಪೈಸೆಗಳ ಕೂಡಿಕೆಯಾಗಿರಲಿ. ಒಟ್ಟು ಲೀಟರ್ ತೆಗೆದುಕೊಂಡು ಮತ್ತೆ ದರ ಗುಣಿಸಿದರೆ ರೈತರ ಕೈಯಲ್ಲಿರುವ ಚೀಟಿಗಳ ಮೊತ್ತಕ್ಕೂ ನಿಮ್ಮ ಮೊತ್ತಕ್ಕೂ ವ್ಯತ್ಯಾಸ ಬರುತ್ತದೆ.

ದರವನ್ನು ನಮೂದಿನ ಜೊತೆಗೇ ಬರೆದಿಡಿ. ದರಪಟ್ಟಿ ನಾಳೆ ಬದಲಾಗಬಹುದು, ಅದರಿಂದ ನಿನ್ನೆಯ ಚೀಟಿ ಬದಲಾಗಬಾರದು.

ಇನ್ನು ತಿದ್ದುಪಡಿ. ಹಳೆಯ ಸಾಲನ್ನು ಅಳಿಸಿ ಹೊಸದು ಬರೆಯಬೇಡಿ. ತಪ್ಪಾದ ನಮೂದು ಹಾಗೇ ಇರಲಿ, ಅದನ್ನು ರದ್ದು ಮಾಡುವ ಇನ್ನೊಂದು ನಮೂದು ಸೇರಲಿ. ಯಾರು, ಯಾವಾಗ, ಯಾಕೆ ಎಂಬುದೂ ಅದರಲ್ಲಿರಲಿ. ಮೂರು ತಿಂಗಳಾದ ಮೇಲೆ ಸದಸ್ಯರೊಬ್ಬರು ಬಂದು 'ಆವತ್ತು ನನ್ನ ಹಾಲು ಕಡಿಮೆ ಬರೆದಿದ್ದೀರಿ' ಎಂದರೆ ತೋರಿಸಲು ಏನಾದರೂ ಇರಬೇಕಲ್ವಾ?

ತಾರೀಕಿನಲ್ಲಿ ಎಡವಿ ಬೀಳುವ ಒಂದು ಗುಂಡಿ ಇದೆ. ತಾರೀಕು ಬರೆಯಲು ಹಲವರು ಬಳಸುವ ಟುಐಎಸ್‌ಒಸ್ಟ್ರಿಂಗ್ ಎಂಬ ವಿಧಾನ ಕೊಡುವುದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆಗಿರುವ) ಸಮಯವನ್ನು. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದಿದ್ದೇವೆ. ಬೆಳಗಿನ ಜಾವ 5 ಗಂಟೆಗೆ ಹಾಲು ಹಾಕಿಸಿಕೊಳ್ಳುವ ಕಡೆ ಅದರಿಂದ ತಾರೀಕು ಕತ್ತರಿಸಿಕೊಂಡರೆ ನಿನ್ನೆಯ ದಿನಾಂಕ ಬೀಳುತ್ತದೆ. 5.30 ದಾಟಿದ ಮೇಲೆ ಬಂದವರದ್ದು ಸರಿಯಾಗಿರುತ್ತದೆ. ನೀವು ಹಗಲು ಹೊತ್ತಿನಲ್ಲಿ ಎಷ್ಟು ಪರೀಕ್ಷೆ ಮಾಡಿದರೂ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ದಿನಾಂಕ ಮತ್ತು ಹೊತ್ತು (ಬೆಳಿಗ್ಗೆ ಅಥವಾ ಸಂಜೆ) ಎರಡನ್ನೂ ಬೇರೆ ಬೇರೆ ಕಾಲಂ ಮಾಡಿ, ಭಾರತದ ಸಮಯದಲ್ಲೇ ಬರೆಯಿರಿ. ಯುಟಿಸಿ ಸಮಯವನ್ನು ಇನ್ನೊಂದು ಕಾಲಂನಲ್ಲಿ ಇಟ್ಟುಕೊಳ್ಳಿ.

4. ಮೌಸ್ ಮುಟ್ಟದೆ ಮುಗಿಯುವ ಪರದೆ

ನಮೂದಿನ ಪರದೆಯಲ್ಲಿ ನಾಲ್ಕೇ ಖಾನೆ: ಸದಸ್ಯರ ನಂಬರ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್. ಎಂಟರ್ ಒತ್ತಿದರೆ ಮುಂದಿನ ಖಾನೆ, ಕೊನೆಯ ಎಂಟರ್‌ಗೆ ಸೇವ್, ಕರ್ಸರ್ ಮತ್ತೆ ನಂಬರ್ ಖಾನೆಗೆ. ನಂಬರ್ ಹಾಕಿದ ಕೂಡಲೇ ಹೆಸರು ದೊಡ್ಡದಾಗಿ ಕಾಣಲಿ, ಎದುರು ನಿಂತವರೂ ಓದುವಷ್ಟು. ಮೊತ್ತವೂ ಹಾಗೇ. ಪಾಪ್‌ಅಪ್ ಬೇಡ. 'ಸೇವ್ ಮಾಡಲೇ?' ಎಂದು ಪ್ರತಿ ಸಲ ಕೇಳುವುದು ಬೇಡ. ಅದರ ಬದಲು ಕೊನೆಯ ಐದಾರು ನಮೂದು ಕೆಳಗೆ ಕಾಣುತ್ತಿರಲಿ, ತಪ್ಪಾಗಿದ್ದರೆ ಅಲ್ಲಿಂದಲೇ ರದ್ದು ಮಾಡಲು ಬರಲಿ.

ಅನುಮಾನದ ಅಂಕಿಗೆ ಮಾತ್ರ ತಡೆದು ಕೇಳಿ. ಹಸುವಿನ ಹಾಲಿಗೆ 3.5 ಫ್ಯಾಟ್, 8.5 ಎಸ್‌ಎನ್‌ಎಫ್ ಎಂಬುದು ಎಲ್ಲರಿಗೂ ಗೊತ್ತಿರುವ ಗುರುತು. ಅಲ್ಲಿ 35 ಬಿದ್ದರೆ ಚುಕ್ಕಿ ಮರೆತಿದ್ದಾರೆ ಅಂತಲೇ ಅರ್ಥ. ಖಾನೆಯ ಬಣ್ಣ ಬದಲಿಸಿ, ಪಕ್ಕದಲ್ಲೇ ಕಾರಣ ಬರೆಯಿರಿ. ಬಣ್ಣವೊಂದನ್ನೇ ನಂಬಬೇಡಿ, ಬೆಳಗಿನ ಮಂಕು ಬೆಳಕಿನಲ್ಲಿ ಹಳೆಯ ಮಾನಿಟರ್ ಮೇಲೆ ಎಲ್ಲ ಬಣ್ಣವೂ ಒಂದೇ ಥರ ಕಾಣುತ್ತದೆ.

5. ಕನ್ನಡ ಸರಿಯಾಗಿ ಕೂರಬೇಕು

ಇದನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಬಿಡುವವರೇ ಹೆಚ್ಚು. ಕೊನೆಗೆ ಬಿಟ್ಟರೆ ಡೇಟಾಬೇಸನ್ನೇ ಮತ್ತೆ ತೊಳೆಯಬೇಕಾಗುತ್ತದೆ.

ಹಳೆಯ ಸದಸ್ಯರ ಪಟ್ಟಿ ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಆಗಿದ್ದರೆ ಅದು ಯೂನಿಕೋಡ್ ಅಲ್ಲದಿರಬಹುದು. ಫಾಂಟ್ ಬದಲಿಸಿ ನೋಡಿ. ಅಕ್ಷರಗಳು ಇಂಗ್ಲಿಷ್ ಚಿಹ್ನೆಗಳಾದರೆ ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತನ್ನಿ. ಆಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ಓದಿ ನೋಡಿ.

ಯೂನಿಕೋಡ್‌ನಲ್ಲೂ ಒಂದು ಸೂಕ್ಷ್ಮ ಇದೆ. 'ಗೋವಿಂದ' ಎಂಬಲ್ಲಿ ಓ ಸ್ವರದ ಚಿಹ್ನೆ ಒಂದೇ ಸಂಕೇತವಾಗಿರಬಹುದು, ಎರಡು ಮೂರು ತುಂಡುಗಳಾಗಿಯೂ ಇರಬಹುದು. ಪರದೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಹುಡುಕಿದಾಗ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಸೇವ್ ಮಾಡುವ ಮುಂಚೆ ಪ್ರತಿ ಹೆಸರಿಗೂ ನಾರ್ಮಲೈಸ್ ವಿಧಾನವನ್ನು ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ) ರೂಪದಲ್ಲಿ ಓಡಿಸಿ. ಹುಡುಕುವ ಪದಕ್ಕೂ ಅದನ್ನೇ ಮಾಡಿ. ಹುಡುಕಾಟಕ್ಕೆಂದೇ ಇನ್ನೊಂದು ಕಾಲಂ ಇಟ್ಟು, ಅದರಲ್ಲಿ ಕಾಣದ ಜೋಡಿಕೆ ಚಿಹ್ನೆಗಳನ್ನು ತೆಗೆದುಹಾಕಿ, ಹ್ರಸ್ವ ದೀರ್ಘ ಎರಡನ್ನೂ ಒಂದೇ ಮಾಡಿ. ಆಗ ಲಕ್ಷ್ಮಿ ಎಂದು ಹುಡುಕಿದರೂ ಲಕ್ಷ್ಮೀ ಸಿಗುತ್ತಾಳೆ. ಒಂದೇ ಹೆಸರಿನವರು ಊರಲ್ಲಿ ನಾಲ್ಕು ಜನ ಇರುತ್ತಾರೆ, ಆದ್ದರಿಂದ ಫಲಿತಾಂಶದಲ್ಲಿ ನಂಬರ್ ಜೊತೆ ತಂದೆ ಅಥವಾ ಗಂಡನ ಹೆಸರೂ ಬರಲಿ.

ಅಕಾರಾದಿ ಪಟ್ಟಿಗೆ ಬರೀ ಸಾರ್ಟ್ ಸಾಲದು. ಯೂನಿಕೋಡ್ ಕ್ರಮದಲ್ಲಿ ಳ ಅಕ್ಷರ ಲ ಆದ ಕೂಡಲೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ. ಬ್ರೌಸರ್‌ನಲ್ಲೇ ಇರುವ ಇಂಟ್ಲ್ ಕೊಲೇಟರನ್ನು ಕನ್ನಡಕ್ಕೆ ಹೊಂದಿಸಿ ಬಳಸಿ, ನಿಮ್ಮ ಸದಸ್ಯರ ಪಟ್ಟಿಯ ಮೇಲೇ ಪರೀಕ್ಷಿಸಿ.

ಉದ್ದ ಎಣಿಸಿ ಹೆಸರು ಕತ್ತರಿಸಬೇಡಿ. 'ಸ್ತ್ರೀ' ನಮಗೆ ಒಂದೇ ಅಕ್ಷರ, ಜಾವಾಸ್ಕ್ರಿಪ್ಟ್‌ಗೆ ಅದರ ಉದ್ದ 6. ನಡುವೆ ಕತ್ತರಿಸಿದರೆ ಅರ್ಧ ಒತ್ತಕ್ಷರ ನೇತಾಡುತ್ತದೆ. ಜಾಗ ಸಾಲದಿದ್ದರೆ ಆ ಕೆಲಸ ಸಿಎಸ್‌ಎಸ್‌ಗೆ ಬಿಡಿ. ಸಾಲಿನ ಎತ್ತರ ಅಕ್ಷರದ 1.6 ಪಟ್ಟಾದರೂ ಇರಲಿ. ಇಂಗ್ಲಿಷ್‌ಗೆ ಹೊಂದಿಸಿದ 1.2ರಲ್ಲಿ ಕೆಳಗಿನ ಒತ್ತುಗಳು ಮುಂದಿನ ಸಾಲಿಗೆ ತಾಗುತ್ತವೆ, ಬಟನ್ ಒಳಗಾದರೆ ಕತ್ತರಿಸಿ ಹೋಗುತ್ತವೆ. ನೋಟೋ ಸ್ಯಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡದಂಥ ಮುಕ್ತ ಫಾಂಟನ್ನು ಆ್ಯಪ್ ಜೊತೆಗೇ ಕೊಡಿ. ಬೇರೆ ಸರ್ವರ್‌ನಿಂದ ತರಿಸಿದರೆ ನೆಟ್ ಇಲ್ಲದಾಗ ಸಿಗುವುದಿಲ್ಲ.

ಅಂಕಿ ಖಾನೆಯಲ್ಲಿ ಕೆಲವರು ೪.೬ ಎಂದು ಟೈಪ್ ಮಾಡುತ್ತಾರೆ. ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಎಂದು ಒಪ್ಪುವುದಿಲ್ಲ. ಹತ್ತು ಕನ್ನಡ ಅಂಕಿಗಳನ್ನು ಬದಲಿಸಿಕೊಳ್ಳುವ ಚಿಕ್ಕ ಫಂಕ್ಷನ್ ಸಾಕು. ಆದರೆ ಖಾನೆಯನ್ನು ನಂಬರ್ ಬಗೆಯದ್ದಾಗಿ ಮಾಡಬೇಡಿ, ಟೆಕ್ಸ್ಟ್ ಬಗೆಯದ್ದೇ ಇಟ್ಟು ಇನ್‌ಪುಟ್‌ಮೋಡ್ ಮಾತ್ರ ಡೆಸಿಮಲ್ ಮಾಡಿ. ಮತ್ತೆ, ಹುಡುಕಾಟವನ್ನು ಕೀಡೌನ್‌ಗೆ ಕಟ್ಟಬೇಡಿ, ಇನ್‌ಪುಟ್ ಈವೆಂಟ್‌ಗೆ ಕಟ್ಟಿ. ಮೊಬೈಲ್‌ನ ಕನ್ನಡ ಕೀಬೋರ್ಡ್‌ಗಳು ಒತ್ತಿದ ಕೀ ಯಾವುದೆಂದು ಸರಿಯಾಗಿ ಹೇಳುವುದಿಲ್ಲ.

6. ಕಂಪ್ಯೂಟರ್‌ನಲ್ಲೇ ಗಟ್ಟಿಯಾಗಿ ಸೇವ್ ಆಗಲಿ

ಬ್ರೌಸರ್ ಒಳಗಿನ ಡೇಟಾಬೇಸ್ ಇಂಡೆಕ್ಸ್‌ಡ್‌ಡಿಬಿ. ಲೋಕಲ್‌ಸ್ಟೋರೇಜ್ ಚಿಕ್ಕ ಸೆಟ್ಟಿಂಗ್‌ಗಳಿಗೆ ಸರಿ, ಲೆಕ್ಕಕ್ಕೆ ಬೇಡ. ಇಂಡೆಕ್ಸ್‌ಡ್‌ಡಿಬಿಯಲ್ಲಿ ಮೂರು ವಿಷಯ ನೆನಪಿಡಿ.

ಒಂದು, 'ಸೇವ್ ಆಯ್ತು' ಎಂದು ತೋರಿಸುವುದು ಯಾವಾಗ ಎಂಬುದು. ಬರೆಯುವ ಕೋರಿಕೆ ಯಶಸ್ವಿಯಾದಾಗ ತೋರಿಸಬೇಡಿ, ಇಡೀ ಟ್ರಾನ್ಸಾಕ್ಷನ್ (ಒಟ್ಟಿಗೇ ಆಗಬೇಕಾದ ಬರಹಗಳ ಕಂತೆ) ಕಂಪ್ಲೀಟ್ ಆದಾಗ ತೋರಿಸಿ. ನಡುವೆ ಏನಾದರೂ ಕೆಟ್ಟರೆ ಟ್ರಾನ್ಸಾಕ್ಷನ್ ಪೂರ್ತಿ ವಾಪಸ್ ಹೋಗುತ್ತದೆ.

ಎರಡು, ಕರೆಂಟು. 2024ರಲ್ಲಿ ಬಂದ ಕ್ರೋಮ್ 121ರಿಂದ ಟ್ರಾನ್ಸಾಕ್ಷನ್‌ಗಳ ಡ್ಯೂರಬಿಲಿಟಿ (ಬರಹ ಡಿಸ್ಕ್‌ನಲ್ಲಿ ಉಳಿಯುವ ಖಾತ್ರಿ) ತಾನಾಗಿಯೇ ರಿಲ್ಯಾಕ್ಸ್ಡ್ ಆಗಿರುತ್ತದೆ. ಅಂದರೆ ಬರಹ ಡಿಸ್ಕ್ ಮುಟ್ಟುವ ಮುಂಚೆಯೇ 'ಆಯ್ತು' ಎನ್ನುತ್ತದೆ. ವೇಗಕ್ಕೆ ಅದು ಒಳ್ಳೆಯದು. ಆದರೆ ಯುಪಿಎಸ್ ಇಲ್ಲದ ಡೈರಿಯಲ್ಲಿ ಆ ಕ್ಷಣಕ್ಕೆ ಕರೆಂಟು ಹೋದರೆ ಒಬ್ಬರ ಹಾಲು ಲೆಕ್ಕದಿಂದ ಮಾಯವಾಗಬಹುದು. ಹಾಲಿನ ನಮೂದು ಬರೆಯುವ ಟ್ರಾನ್ಸಾಕ್ಷನ್ ತೆರೆಯುವಾಗ ಡ್ಯೂರಬಿಲಿಟಿಯನ್ನು ಸ್ಟ್ರಿಕ್ಟ್ ಎಂದು ನೀವೇ ಕೊಡಿ.

ಮೂರು, ಬ್ರೌಸರ್ ತನಗೆ ಜಾಗ ಸಾಲದಿದ್ದಾಗ ನಿಮ್ಮ ಡೇಟಾ ಅಳಿಸಬಹುದು. ಸ್ಟೋರೇಜ್ ಪರ್ಸಿಸ್ಟ್ ಎಂಬ ವಿಧಾನದಿಂದ ಉಳಿಸಿಕೊಳ್ಳಲು ಅನುಮತಿ ಕೇಳಿ. ಸಫಾರಿಯಲ್ಲಿ ಇನ್ನೂ ಬಿಗಿ: ಬಳಸುವವರು ಆ ಸೈಟ್ ಮುಟ್ಟದೆ ಏಳು ದಿನ ಬ್ರೌಸರ್ ಬಳಸಿದರೆ ಡೇಟಾ ಹೋಗುತ್ತದೆ. ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಂಡ ಆ್ಯಪ್‌ಗೆ ಮಾತ್ರ ವಿನಾಯಿತಿ. ಇಷ್ಟೆಲ್ಲ ಆದ ಮೇಲೂ ದಿನಕ್ಕೊಮ್ಮೆ ಒಂದು ಬ್ಯಾಕಪ್ ಫೈಲ್ ಪೆನ್‌ಡ್ರೈವ್‌ಗೆ ಹೋಗಲಿ.

7. ನೆಟ್ ಇಲ್ಲದಿದ್ದರೂ ತೆರೆಯಲಿ

ಇದಕ್ಕೆ ಸರ್ವೀಸ್ ವರ್ಕರ್ ಬೇಕು. ಪುಟಕ್ಕೂ ನೆಟ್‌ಗೂ ನಡುವೆ ಕೂರುವ ಒಂದು ಸ್ಕ್ರಿಪ್ಟ್ ಅದು. ಎಚ್‌ಟಿಟಿಪಿಎಸ್ ಇದ್ದರೆ ಮಾತ್ರ ಓಡುತ್ತದೆ, ಲೋಕಲ್‌ಹೋಸ್ಟ್‌ಗೆ ರಿಯಾಯಿತಿ ಇದೆ. ಇನ್‌ಸ್ಟಾಲ್ ಹಂತದಲ್ಲಿ ಪುಟ, ಸ್ಕ್ರಿಪ್ಟ್, ಸ್ಟೈಲ್, ಫಾಂಟ್ ಎಲ್ಲವನ್ನೂ ಕ್ಯಾಷ್‌ಗೆ (ಬ್ರೌಸರ್ ಕಂಪ್ಯೂಟರ್‌ನಲ್ಲೇ ಪ್ರತಿ ಉಳಿಸಿಡುವ ಜಾಗಕ್ಕೆ) ಹಾಕಿಸಿ. ಆಮೇಲೆ ಇವುಗಳನ್ನು ಕ್ಯಾಷ್‌ನಿಂದಲೇ ಕೊಡಿ. ದರಪಟ್ಟಿಯಂಥ ಬದಲಾಗುವ ಮಾಹಿತಿಗೆ ಮೊದಲು ನೆಟ್, ಸಿಗದಿದ್ದರೆ ಉಳಿಸಿಕೊಂಡದ್ದು.

ಹೊಸ ಆವೃತ್ತಿ ಬಂದಾಗ ಹೊಸ ವರ್ಕರ್ ಕಾಯುತ್ತಾ ಕೂರುತ್ತದೆ. ಅದನ್ನು ಬಲವಂತವಾಗಿ ಮುಂದೆ ತರುವ ದಾರಿ ಇದೆ, ಆದರೆ ಹಾಲು ಹಾಕುವ ಹೊತ್ತಿನಲ್ಲಿ ಪುಟ ರಿಫ್ರೆಶ್ ಆಗಕೂಡದು. ಆ ಹೊತ್ತಿನ ಲೆಕ್ಕ ಮುಚ್ಚಿದ ಮೇಲೆ ಮಾತ್ರ 'ಹೊಸ ಆವೃತ್ತಿ ಇದೆ' ಎಂದು ತೋರಿಸಿ.

ಜೊತೆಗೊಂದು ಮ್ಯಾನಿಫೆಸ್ಟ್ ಫೈಲ್: ಹೆಸರು, ಶುರುವಾಗುವ ವಿಳಾಸ, ಸ್ಟ್ಯಾಂಡ್‌ಅಲೋನ್ ಎಂಬ ಸೂಚನೆ, 192 ಮತ್ತು 512 ಪಿಕ್ಸೆಲ್‌ನ ಐಕಾನ್. ಇಷ್ಟಾದರೆ ಕ್ರೋಮ್ ಮತ್ತು ಎಡ್ಜ್ ನಿಮ್ಮ ಪುಟವನ್ನು ಆ್ಯಪ್‌ನಂತೆ ಇನ್‌ಸ್ಟಾಲ್ ಮಾಡಲು ಬಿಡುತ್ತವೆ. ಐಫೋನ್‌ನಲ್ಲಿ ಶೇರ್ ಬಟನ್‌ನಿಂದ ಹೋಮ್ ಸ್ಕ್ರೀನ್‌ಗೆ ಸೇರಿಸಬೇಕು, ಅದನ್ನು ಬಳಸುವವರಿಗೆ ಒಂದು ಚಿತ್ರ ಹಾಕಿ ತಿಳಿಸಿ.

8. ಸರ್ವರ್‌ಗೆ ಕಳಿಸುವುದು

ಪ್ರತಿ ನಮೂದಿಗೂ ಕಂಪ್ಯೂಟರ್‌ನಲ್ಲೇ ಒಂದು ಯುಯುಐಡಿ (ಬೇರೆ ಯಾವುದಕ್ಕೂ ಇರದ ಗುರುತಿನ ಸಂಕೇತ) ಹುಟ್ಟಲಿ. ನಮೂದು ಬರೆಯುವ ಅದೇ ಟ್ರಾನ್ಸಾಕ್ಷನ್‌ನಲ್ಲಿ 'ಕಳಿಸಬೇಕಾದವು' ಎಂಬ ಪಟ್ಟಿಗೂ ಅದು ಸೇರಲಿ. ಸರ್ವರ್ 'ಸಿಕ್ಕಿತು' ಎಂದ ಮೇಲಷ್ಟೇ ಪಟ್ಟಿಯಿಂದ ತೆಗೆಯಿರಿ. ಕಳಿಸಿದ್ದು ತಲುಪಿ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಗುವುದುಂಟು. ಆಗ ಅದೇ ನಮೂದು ಮತ್ತೆ ಹೋಗುತ್ತದೆ. ಆ ಯುಯುಐಡಿ ಈಗಾಗಲೇ ಇದ್ದರೆ ಸರ್ವರ್ ಸುಮ್ಮನೆ 'ಸಿಕ್ಕಿತು' ಎನ್ನಬೇಕು, ಎರಡನೇ ಸಲ ಬರೆಯಬಾರದು. ತಿದ್ದುಪಡಿಯೂ ಹೊಸ ನಮೂದೇ ಆಗಿರುವುದರಿಂದ ಎರಡು ಕಂಪ್ಯೂಟರ್‌ಗಳ ನಡುವೆ 'ಯಾರದ್ದು ಸರಿ' ಎಂಬ ಜಗಳ ಬಹುಪಾಲು ಹುಟ್ಟುವುದೇ ಇಲ್ಲ. 3ನೇ ಹಂತದಲ್ಲಿ ಅಳಿಸಬೇಡಿ ಎಂದಿದ್ದರ ಲಾಭ ಇಲ್ಲಿ ಸಿಗುತ್ತದೆ.

ನೆಟ್ ಇದೆಯೋ ಇಲ್ಲವೋ ಎಂಬುದಕ್ಕೆ ಬ್ರೌಸರ್‌ನ ಆನ್‌ಲೈನ್ ಸೂಚನೆಯನ್ನು ನಂಬಬೇಡಿ. ರೂಟರ್‌ಗೆ ತಂತಿ ಸಿಕ್ಕಿಸಿದ್ದರೆ ಸಾಕು, ಹೊರಗೆ ನೆಟ್ ಇಲ್ಲದಿದ್ದರೂ ಅದು ಹೌದು ಎನ್ನುತ್ತದೆ. ಕಳಿಸಿ ನೋಡಿ, ಉತ್ತರ ಬರದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸಿ. 'ಇನ್ನೂ 14 ಹೋಗಬೇಕು' ಎಂಬ ಅಂಕಿ ಪರದೆಯ ಮೂಲೆಯಲ್ಲಿ ಯಾವಾಗಲೂ ಕಾಣಲಿ.

9. ಡೆಸ್ಕ್‌ಟಾಪ್: ಎಲೆಕ್ಟ್ರಾನ್, ಟೌರಿ

ಇನ್‌ಸ್ಟಾಲ್ ಮಾಡಿದ ವೆಬ್ ಆ್ಯಪ್ ಸಾಕಾಗುವುದಾದರೆ ಇಲ್ಲಿಗೇ ನಿಲ್ಲಿ, ಕೆಲಸ ಉಳಿಯುತ್ತದೆ. ಯಂತ್ರ ಜೋಡಿಸಬೇಕು, ಕೇಳದೆ ಪ್ರಿಂಟ್ ಆಗಬೇಕು, ಬ್ಯಾಕಪ್ ತಾನೇ ಆಗಬೇಕು ಎಂದಾಗ ಡೆಸ್ಕ್‌ಟಾಪ್ ಕವಚ ಬೇಕಾಗುತ್ತದೆ. ಎಲೆಕ್ಟ್ರಾನ್, ಟೌರಿ ಅಂಥ ಎರಡು ಕವಚಗಳು.

ಎಲೆಕ್ಟ್ರಾನ್ ಅನ್ನು ಗಿಟ್‌ಹಬ್ 2013ರಲ್ಲಿ ತನ್ನ ಆ್ಯಟಮ್ ಎಡಿಟರ್‌ಗಾಗಿ ಮಾಡಿತು. ವಿಎಸ್ ಕೋಡ್ ಓಡುವುದೂ ಅದರ ಮೇಲೆಯೇ. ಕ್ರೋಮಿಯಂ (ಕ್ರೋಮ್‌ಗೆ ಮೂಲವಾದ ಬ್ರೌಸರ್) ಮತ್ತು ನೋಡ್ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಸಾಧನ) ಎರಡನ್ನೂ ಹೊತ್ತುಕೊಂಡು ಬರುವುದರಿಂದ ಗಾತ್ರ ದೊಡ್ಡದು. ಆದರೆ ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಬ್ರೌಸರ್ ಎಂಜಿನ್ ಇರುತ್ತದೆ, ಕನ್ನಡ ಎಲ್ಲೆಡೆ ಒಂದೇ ಥರ ಕಾಣುತ್ತದೆ. ಟೌರಿ ಸಿಸ್ಟಮ್‌ನಲ್ಲಿರುವ ವೆಬ್‌ವ್ಯೂ (ವೆಬ್ ಪುಟ ತೋರಿಸುವ ಭಾಗ) ಬಳಸುತ್ತದೆ: ವಿಂಡೋಸ್‌ನಲ್ಲಿ ವೆಬ್‌ವ್ಯೂ2, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ವೆಬ್‌ಕಿಟ್. ಇನ್‌ಸ್ಟಾಲರ್ ಕೆಲವೇ ಎಂಬಿ ಆಗುತ್ತದೆ, ಹಿಂಬದಿಯ ಕೋಡ್ ರಸ್ಟ್ ಭಾಷೆಯಲ್ಲಿರುತ್ತದೆ.

ಡೈರಿಯಂಥ ಕಡೆಗೆ ನಾನು ಎಲೆಕ್ಟ್ರಾನ್ ಆರಿಸುತ್ತೇನೆ. ಒಂದು ಸಲ ಪೆನ್‌ಡ್ರೈವ್‌ನಲ್ಲಿ ಒಯ್ದರೆ ಗಾತ್ರದ ಚಿಂತೆ ಮುಗಿಯಿತು, ಸೀರಿಯಲ್ ಪೋರ್ಟ್ (ಯಂತ್ರಗಳನ್ನು ಜೋಡಿಸುವ ಕಿಂಡಿ) ಕೆಲಸವೂ ಸುಲಭ. ಮೊದಲು ಅಲ್ಲಿನ ವಿಂಡೋಸ್ ಯಾವುದು ಎಂದು ನೋಡಿಕೊಳ್ಳಿ. ಎಲೆಕ್ಟ್ರಾನ್ 23ರಿಂದ ವಿಂಡೋಸ್ 7 ಮತ್ತು 8ಕ್ಕೆ ಬೆಂಬಲವಿಲ್ಲ.

ಭದ್ರತೆಯಲ್ಲಿ ರಾಜಿ ಬೇಡ. ಎಲೆಕ್ಟ್ರಾನ್‌ನಲ್ಲಿ ಕಾಂಟೆಕ್ಸ್ಟ್ ಐಸೊಲೇಶನ್ ಆನ್ ಇರಲಿ, ನೋಡ್ ಇಂಟಿಗ್ರೇಶನ್ ಆಫ್ ಇರಲಿ, ಆಗ ಪರದೆಯ ಕೋಡ್ ಕಂಪ್ಯೂಟರ್‌ನ ಫೈಲ್‌ಗಳನ್ನು ನೇರವಾಗಿ ಮುಟ್ಟಲಾರದು. ಹೊಸ ಆವೃತ್ತಿಗಳಲ್ಲಿ ಮೊದಲಿಂದಲೇ ಹಾಗಿರುತ್ತದೆ, ಸುಲಭವಾಗಲಿ ಎಂದು ಬದಲಿಸಬೇಡಿ. ಪರದೆಗೆ ಬೇಕಾದ 'ತೂಕ ಕೊಡು', 'ಚೀಟಿ ಪ್ರಿಂಟ್ ಮಾಡು' ಎಂಬಂಥ ನಾಲ್ಕೈದು ಫಂಕ್ಷನ್ ಮಾತ್ರ ಪ್ರೀಲೋಡ್ ಸ್ಕ್ರಿಪ್ಟ್ (ಪರದೆಗೂ ಕಂಪ್ಯೂಟರ್‌ಗೂ ನಡುವಿನ ಸೇತುವೆ) ಮೂಲಕ ಕೊಡಿ. ಹೊರಗಿನ ಸೈಟ್‌ಗಳನ್ನು ಆ ಕಿಟಕಿಯೊಳಗೆ ತೆರೆಯಬೇಡಿ.

ಟೌರಿಯ ಹಳೆಯ ಆವೃತ್ತಿಯಿಂದ 2ಕ್ಕೆ ಬರುವವರು ಒಂದು ವಿಷಯ ನೋಡಿಕೊಳ್ಳಿ. ವಿಂಡೋಸ್‌ನಲ್ಲಿ ಆ್ಯಪ್‌ನ ಒಳಗಿನ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಎಚ್‌ಟಿಟಿಪಿಗೆ ಬದಲಾಗಿದೆ. ವಿಳಾಸ ಬದಲಾದರೆ ಇಂಡೆಕ್ಸ್‌ಡ್‌ಡಿಬಿ ಖಾಲಿ ಕಾಣುತ್ತದೆ. ಹಳೆಯದನ್ನೇ ಉಳಿಸಿಕೊಳ್ಳಲು ಸೆಟ್ಟಿಂಗ್ ಇದೆ, ಅದನ್ನು ಹಾಕಿದ ಮೇಲೆಯೇ ಬಿಡುಗಡೆ ಮಾಡಿ.

10. ತೂಕದ ಯಂತ್ರ ಮಾತಾಡುವ ರೀತಿ

ಎಲೆಕ್ಟ್ರಾನಿಕ್ ತಕ್ಕಡಿ, ಹಾಲು ಪರೀಕ್ಷಿಸುವ ಯಂತ್ರ ಇವು ಬಹಳ ಕಡೆ ಸೀರಿಯಲ್ ಪೋರ್ಟ್ ಮೂಲಕ ಅಂಕಿ ಕಳಿಸುತ್ತವೆ. ಬಾಡ್ ರೇಟ್ (ಕಳಿಸುವ ವೇಗ) ಎಷ್ಟೆಂದು ಯಂತ್ರದ ಕೈಪಿಡಿಯಲ್ಲಿರುತ್ತದೆ, 9600 ಸಾಮಾನ್ಯ. ಕ್ರೋಮ್ 89ರಿಂದ ಡೆಸ್ಕ್‌ಟಾಪ್ ಬ್ರೌಸರ್‌ನಲ್ಲೇ ಸೀರಿಯಲ್ ಪೋರ್ಟ್ ಓದುವ ವೆಬ್ ಸೀರಿಯಲ್ ಇದೆ, ಎಲೆಕ್ಟ್ರಾನ್‌ನಲ್ಲೂ ಅದೇ ನಡೆಯುತ್ತದೆ.

ಅಂಕಿ ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ. 4.600 ಎಂಬುದು ಮೊದಲು '4.6', ಆಮೇಲೆ '00' ಎಂದು ತುಂಡಾಗಿ ಬರಬಹುದು. ಸಾಲು ಮುಗಿಯುವ ಚಿಹ್ನೆ ಬರುವವರೆಗೂ ಕೂಡಿಸುತ್ತಾ ಹೋಗಿ, ಆಮೇಲೆ ಓದಿ. ಹಾಲು ಸುರಿಯುವಾಗ ಅಂಕಿ ಏರುತ್ತಲೇ ಇರುತ್ತದೆ. ಸತತವಾಗಿ ಕೆಲವು ಸಲ ಒಂದೇ ಅಂಕಿ ಬಂದ ಮೇಲಷ್ಟೇ ಅದನ್ನು ತೂಕ ಎಂದು ಒಪ್ಪಿ. ಯುಎಸ್‌ಬಿ ತಂತಿ ಕಿತ್ತು ಬೇರೆ ಕಿಂಡಿಗೆ ಸಿಕ್ಕಿಸಿದರೆ ವಿಂಡೋಸ್‌ನಲ್ಲಿ ಪೋರ್ಟ್ ನಂಬರ್ ಬದಲಾಗಬಹುದು. ನಂಬರನ್ನು ನೆನಪಿಡುವ ಬದಲು ಸಾಧನದ ವೆಂಡರ್ ಮತ್ತು ಪ್ರಾಡಕ್ಟ್ ಗುರುತಿನಿಂದ ಹುಡುಕಿ. ಯಂತ್ರ ಕೆಟ್ಟ ದಿನ ಕೈಯಲ್ಲಿ ಟೈಪ್ ಮಾಡಲು ಬರಬೇಕು, ಅಂಥ ನಮೂದಿಗೆ ಬೇರೆ ಗುರುತು ಬೀಳಬೇಕು.

11. ರೈತರ ಮೊಬೈಲ್ ಪುಟ

ಇದು ಚಿಕ್ಕದು: ಇವತ್ತಿನ ಹಾಲು, ಈ ಬಟವಾಡೆಯ ಮೊತ್ತ, ಹಿಂದಿನ ಚೀಟಿಗಳು. ವಿಳಾಸದಲ್ಲಿರುವ ಸದಸ್ಯರ ನಂಬರ್ ಬದಲಿಸಿ ಪಕ್ಕದ ಮನೆಯವರ ಲೆಕ್ಕ ನೋಡಲು ಆಗಬಾರದು. ಆ ತಪಾಸಣೆ ಸರ್ವರ್‌ನಲ್ಲೇ ಇರಬೇಕು, ಪರದೆಯಲ್ಲಿ ಬಟನ್ ಮುಚ್ಚಿಟ್ಟರೆ ಸಾಲದು. ಹೆಸರು ತೋರಿಸುವಾಗ ಇನ್ನರ್‌ಎಚ್‌ಟಿಎಮ್‌ಎಲ್ ಬೇಡ, ಟೆಕ್ಸ್ಟ್‌ಕಂಟೆಂಟ್ ಬಳಸಿ, ಇಲ್ಲದಿದ್ದರೆ ಹೆಸರಿನೊಳಗೆ ಯಾರಾದರೂ ಸೇರಿಸಿದ ಕೋಡ್ ಓಡಿಬಿಡಬಹುದು.

12. ಕೈಗೆ ಕೊಡುವ ಮುಂಚೆ

ಪರೀಕ್ಷೆಗೆ ಈ ನಾಲ್ಕನ್ನು ಬೇಕಂತಲೇ ಮಾಡಿ. ಸೇವ್ ಒತ್ತಿದ ಕೂಡಲೇ ಕಂಪ್ಯೂಟರ್‌ನ ಪ್ಲಗ್ ಕಿತ್ತುಹಾಕಿ. ಕಳಿಸುವ ನಡುವೆ ನೆಟ್ ತಂತಿ ಎಳೆಯಿರಿ. ಕಂಪ್ಯೂಟರ್ ಗಡಿಯಾರವನ್ನು ಬೆಳಗಿನ 5ಕ್ಕೆ ಇಟ್ಟು ನಮೂದು ಮಾಡಿ. ಅದೇ ಆ್ಯಪನ್ನು ಎರಡು ಟ್ಯಾಬ್‌ನಲ್ಲಿ ತೆರೆದಿಟ್ಟು ಡೇಟಾಬೇಸ್ ಆವೃತ್ತಿ ಏರಿಸಿ. ಈ ಕೊನೆಯದರಲ್ಲಿ ಹಳೆಯ ಟ್ಯಾಬ್ ಬಿಟ್ಟುಕೊಡದಿದ್ದರೆ ಹೊಸದು ಕಾಯುತ್ತಾ ನಿಂತುಬಿಡುತ್ತದೆ. ಆವೃತ್ತಿ ಬದಲಾಗುತ್ತಿದೆ ಎಂಬ ಈವೆಂಟ್ ಬಂದಾಗ ಹಳೆಯ ಟ್ಯಾಬ್ ತನ್ನ ಸಂಪರ್ಕ ಮುಚ್ಚುವಂತೆ ಬರೆಯಿರಿ.

ವಿಂಡೋಸ್ ಇನ್‌ಸ್ಟಾಲರ್‌ಗೆ ಕೋಡ್ ಸೈನಿಂಗ್ (ತಯಾರಿಸಿದವರ ಡಿಜಿಟಲ್ ಸಹಿ) ಮಾಡಿಸಿ. ಇಲ್ಲದಿದ್ದರೆ ವಿಂಡೋಸ್‌ನ ಕಾವಲುಗಾರ ಸ್ಮಾರ್ಟ್‌ಸ್ಕ್ರೀನ್ ಹೆದರಿಸುವ ನೀಲಿ ಪರದೆ ತೋರಿಸುತ್ತದೆ, ಜನ ಅಲ್ಲೇ ಬಿಟ್ಟುಬಿಡುತ್ತಾರೆ.

ಮೊದಲ ಬಟವಾಡೆ ಮುಗಿಯುವವರೆಗೂ ಪುಸ್ತಕವೂ ನಡೆಯಲಿ, ಆ್ಯಪೂ ನಡೆಯಲಿ. ಕೊನೆಯ ದಿನ ಸೆಕ್ರೆಟರಿ ಜೊತೆ ಕೂತು ಎರಡನ್ನೂ ಸದಸ್ಯರ ನಂಬರ್ ಪ್ರಕಾರ ಹೋಲಿಸಿ. ಒಂದು ಪೈಸೆ ವ್ಯತ್ಯಾಸ ಬಂದರೂ ಯಾವ ದಿನ, ಯಾವ ಹೊತ್ತಿನದ್ದು ಎಂದು ಹುಡುಕಿ ತೆಗೆಯಿರಿ. ಎರಡೂ ಸರಿಹೊಂದಿದ ಮೇಲೆ, ಪುಸ್ತಕ ನಿಲ್ಲಿಸುವ ದಿನ ಯಾವುದೆಂದು ಸೆಕ್ರೆಟರಿಯೇ ಹೇಳಲಿ.